ಹಳೇ ಗಾಡಿ, ಕೆಂಪು ಮಣ್ಣು, ಸ್ಟಾಪ್‌ವಾಚ್: ಕರಾವಳಿಯ ಆಟೋಕ್ರಾಸ್ ಹವ್ಯಾಸಿಗಳು ಪದೇ ಪದೇ ಕೇಳುವ ಪ್ರಶ್ನೆಗಳು

ಸುರತ್ಕಲ್ ಹತ್ತಿರ ನನ್ನ ಮನೆಯ ಶೆಡ್ಡಿನಲ್ಲಿ 2001ರ ಮಾರುತಿ ಎಸ್ಟೀಮ್ ಒಂದಿದೆ. ಅದನ್ನು ಬಿಚ್ಚಿ ಕಟ್ಟಿ, ಮತ್ತೆ ಬಿಚ್ಚಿ ಕಟ್ಟಿ ವರ್ಷಗಳೇ ಆದವು. ಗುಜರಿ ಅಂಗಡಿಯ ಎದುರು, ಸ್ಪರ್ಧೆಯ ಮೈದಾನದ ಬದಿಯಲ್ಲಿ, ಪತ್ರದಲ್ಲಿ, ಫೋನಿನಲ್ಲಿ ಜನ ಕೇಳುತ್ತಲೇ ಬಂದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಪ್ರಶ್ನೆಗಳು ಕೇಳಿದವರ ಮಾತಿನಲ್ಲೇ ಇವೆ. ಸುಲಭದ್ದು ಮೊದಲು, ತಲೆ ತಿನ್ನುವಂಥದ್ದು ಕೊನೆಗೆ.

## ಶುರು ಮಾಡುವವರಿಗೆ

ಈ ಆಟೋಕ್ರಾಸ್ ಅಂದ್ರೆ ಎಂತ? ರ‍್ಯಾಲಿಗೂ ಇದಕ್ಕೂ ಎಂತ ವ್ಯತ್ಯಾಸ?

ಮೈದಾನದಲ್ಲಿ ಕೋನ್ ಇಟ್ಟು ಒಂದು ದಾರಿ ಮಾಡಿರುತ್ತಾರೆ. ಒಂದು ಸಲಕ್ಕೆ ಒಂದೇ ಗಾಡಿ ಓಡುತ್ತದೆ. ಪಕ್ಕದಲ್ಲಿ ಇನ್ನೊಬ್ಬ ಇಲ್ಲ, ಗಡಿಯಾರ ಮಾತ್ರ ಎದುರಾಳಿ. ಕಂಬಳ ನೋಡಿದವರಿಗೆ ಇದನ್ನು ವಿವರಿಸುವುದು ಸುಲಭ. ಕರೆಯಲ್ಲಿ, ಅಂದರೆ ಓಟದ ಕೆಸರುಗದ್ದೆಯಲ್ಲಿ, ಎರಡು ಜೋಡಿ ಕೋಣ ಓಡಿದರೂ ಊರಿಡೀ ಮಾತಾಡುವುದು ಸೆಕೆಂಡಿನ ಲೆಕ್ಕವನ್ನು. 2020ರಲ್ಲಿ ಐಕಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದ್ದು ದೇಶಕ್ಕೆಲ್ಲ ಸುದ್ದಿಯಾಯಿತಲ್ಲ, ಹಾಗೆ. ಇಲ್ಲಿಯೂ ಸೆಕೆಂಡಿನ ನೂರನೇ ಒಂದು ಪಾಲಿಗೆ ಬೆಲೆ ಉಂಟು.

ರ‍್ಯಾಲಿಯಲ್ಲಿ ಪಕ್ಕದಲ್ಲಿ ಕೂತು ದಾರಿ ಹೇಳುವ ನ್ಯಾವಿಗೇಟರ್ ಬೇಕು, ಕಾಡು ತೋಟದ ದಾರಿಯಲ್ಲಿ ಕಿಲೋಮೀಟರ್‌ಗಟ್ಟಲೆ ಓಡಬೇಕು. ಆಟೋಕ್ರಾಸ್ ಒಂದೆರಡು ನಿಮಿಷದಲ್ಲಿ ಮುಗಿಯುತ್ತದೆ, ಹೆಚ್ಚಿನ ಪಾಲು ಎರಡನೇ ಗೇರಿನಲ್ಲೇ.

ಒಂದು ಗೊಂದಲವನ್ನು ಈಗಲೇ ಬಿಡಿಸಿಬಿಡುತ್ತೇನೆ. ಅಮೆರಿಕದಲ್ಲಿ ಆಟೋಕ್ರಾಸ್ ನಡೆಯುವುದು ದೊಡ್ಡ ಪಾರ್ಕಿಂಗ್ ಜಾಗದ ಡಾಂಬರು, ಕಾಂಕ್ರೀಟಿನ ಮೇಲೆ. ಕೋನ್ ತಾಗಿದರೆ 2 ಸೆಕೆಂಡ್ ದಂಡ. ಯುರೋಪಿನಲ್ಲಿ ಅದೇ ಹೆಸರಿನಲ್ಲಿ ಹಲವು ಗಾಡಿಗಳು ಮಣ್ಣಿನಲ್ಲಿ ಒಟ್ಟಿಗೆ ಓಡುತ್ತವೆ. ನಮ್ಮಲ್ಲಿ ಹೆಚ್ಚಾಗಿ ಮಣ್ಣು, ಆದರೆ ಓಡುವುದು ಒಬ್ಬೊಬ್ಬರೇ. ಆದ್ದರಿಂದ ಅಮೆರಿಕದ ವಿಡಿಯೋ ನೋಡಿ ಗಾಡಿಯನ್ನು ನೆಲಕ್ಕೆ ತಾಗುವಷ್ಟು ತಗ್ಗಿಸಬೇಡಿ. ಅವರ ನೆಲ ಬೇರೆ, ನಮ್ಮ ಮುರಕಲ್ಲಿನ ನೆಲ ಬೇರೆ.

ನನ್ನ ಹತ್ರ ಸ್ಪೋರ್ಟ್ಸ್ ಕಾರ್ ಇಲ್ಲ. ಅಪ್ಪನ ಹಳೇ ಗಾಡಿ ಉಂಟು, ಅದರಲ್ಲಿ ಆಗ್ತದಾ?

ಖಂಡಿತ ಆಗುತ್ತದೆ. ಹೊರದೇಶದಲ್ಲಿ ಈ ಆಟಕ್ಕೆ ಎಲ್ಲರೂ ಹುಡುಕುವ ಗಾಡಿ 1989ರಲ್ಲಿ ಬಂದ ಮಜ್ದಾ ಎಂಎಕ್ಸ್-5. ಎರಡೇ ಸೀಟು, ಒಂದು ಟನ್ನಿಗೂ ಕಡಿಮೆ ತೂಕ, ಹಿಂದಿನ ಚಕ್ರಕ್ಕೆ ಶಕ್ತಿ. ಅದು ನಮ್ಮ ದೇಶದ ಶೋರೂಮಿಗೆ ಬರಲೇ ಇಲ್ಲ. ನಮ್ಮ ತಲೆಮಾರಿಗೆ ಸ್ಪೋರ್ಟ್ಸ್ ಕಾರ್ ಅಂದರೆ 2003ಕ್ಕಿಂತ ಮುಂಚಿನ 106 ಕುದುರೆಶಕ್ತಿಯ ಹೋಂಡಾ ಸಿಟಿ ವಿಟೆಕ್, 85 ಕುದುರೆಶಕ್ತಿಯ 16 ವಾಲ್ವಿನ ಎಸ್ಟೀಮ್, ಮಾರುತಿ ಬಲೆನೊ, ಫಿಯೆಟ್ ಪಾಲಿಯೊ 1.6. ನೋಡಲಿಕ್ಕೆ ಮನೆಗಾಡಿಗಳೇ. ಆದರೆ ಹಗುರ, ಸ್ಟೇರಿಂಗಿನಲ್ಲಿ ರಸ್ತೆಯ ಮಾತು ಕೈಗೆ ಕೇಳಿಸುತ್ತದೆ, ಕಂಪ್ಯೂಟರ್ ಮಧ್ಯೆ ಬಾಯಿ ಹಾಕುವುದಿಲ್ಲ.

ಇವುಗಳಲ್ಲಿ ಎಸ್ಟೀಮನ್ನು ನಾನು ಆರಿಸಿದ್ದಕ್ಕೆ ಕಾರಣ 900 ಕಿಲೋದ ಆಸುಪಾಸಿನ ತೂಕ, ಹಿಂದಿನ ಎರಡು ಚಕ್ರಕ್ಕೂ ಬೇರೆ ಬೇರೆ ಸ್ಟ್ರಟ್ (ಸ್ಪ್ರಿಂಗು, ಶಾಕ್ ಅಬ್ಸಾರ್ಬರ್ ಸೇರಿದ ಕಂಬ) ಇರುವುದು, ಮತ್ತು ಗುಜರಿಯಲ್ಲಿ ಸಿಗುವ ಸಾಮಾನು. ಎಂಜಿನ್ ಮಾತ್ರ ನೋಡಿದರೆ ವಿಟೆಕ್ ಸಿಟಿಯೇ ಮೇಲು. ಅದನ್ನು ಒಪ್ಪಿಕೊಳ್ಳುತ್ತೇನೆ.

ರಾತ್ರಿ ಹೊತ್ತಲ್ಲಿ ಖಾಲಿ ರೋಡಿನಲ್ಲಿ ಪ್ರಾಕ್ಟೀಸ್ ಮಾಡಿದ್ರೆ?

ಬೇಡ. ಮೋಟಾರು ವಾಹನ ಕಾಯ್ದೆಯ 189ನೇ ಸೆಕ್ಷನ್ ಪ್ರಕಾರ ಅನುಮತಿ ಇಲ್ಲದೆ ಸಾರ್ವಜನಿಕ ಜಾಗದಲ್ಲಿ ವೇಗದ ಸ್ಪರ್ಧೆ ಅಪರಾಧ, ಜೈಲೂ ಉಂಟು. ಅದಕ್ಕಿಂತ ಮುಖ್ಯವಾಗಿ, ಬೈಕಂಪಾಡಿಯ ಒಳರಸ್ತೆ ರಾತ್ರಿ ಹನ್ನೆರಡಕ್ಕೆ ಖಾಲಿ ಕಾಣಿಸಿದರೂ ಶಿಫ್ಟ್ ಮುಗಿಸಿ ಸೈಕಲಿನಲ್ಲಿ ಬರುವವರು ಇರುತ್ತಾರೆ. ಪಣಂಬೂರು, ಮಲ್ಪೆಯ ಮರಳಿನ ಕನಸೂ ಬೇಡ. ಜನರಿಗೆ ಅಪಾಯ, ಗಾಡಿಯ ಹೊಟ್ಟೆಗೆ ಉಪ್ಪು.

ಲೈಸೆನ್ಸ್, ಇನ್ಶೂರೆನ್ಸ್, ಆರ್‌ಟಿಒ... ಕಾನೂನು ಎಂತ ಹೇಳ್ತದೆ?

ದೇಶದ ಮೋಟಾರ್ ಕ್ರೀಡೆಗೆ ಮೇಲಿನ ಸಂಸ್ಥೆ ಫೆಡರೇಶನ್ ಆಫ್ ಮೋಟರ್ ಸ್ಪೋರ್ಟ್ಸ್ ಕ್ಲಬ್ಸ್ ಆಫ್ ಇಂಡಿಯಾ, ಎಲ್ಲರ ಬಾಯಲ್ಲಿ ಎಫ್‌ಎಂಎಸ್‌ಸಿಐ. ಅದರ ಅನುಮತಿ ಪಡೆದ ಸ್ಪರ್ಧೆಗೆ ಹೋದರೆ ಡ್ರೈವಿಂಗ್ ಲೈಸೆನ್ಸ್ ಅಲ್ಲದೆ ಅವರ ಸ್ಪರ್ಧಾ ಲೈಸೆನ್ಸೂ ಬೇಕು. ಪ್ರತಿ ಸ್ಪರ್ಧೆಗೆ ಅದರದ್ದೇ ನಿಯಮ ಪುಸ್ತಕ ಇರುತ್ತದೆ. ಯಾವ ಕ್ಲಾಸಿನಲ್ಲಿ ಎಂಥ ಬದಲಾವಣೆ ಮಾಡಬಹುದು ಎಂಬುದನ್ನು ಸ್ಪಾನರ್ ಹಿಡಿಯುವ ಮೊದಲು ಓದಿ. ಒಂದು ತಪ್ಪು ಪಾರ್ಟ್ ಹಾಕಿ ಮೇಲಿನ ಕ್ಲಾಸಿಗೆ ಬಿದ್ದು, ತನಗಿಂತ ಎರಡು ಪಟ್ಟು ಶಕ್ತಿಯ ಗಾಡಿಗಳ ಮಧ್ಯೆ ಸಿಕ್ಕಿಕೊಂಡ ಹುಡುಗರನ್ನು ನೋಡಿದ್ದೇನೆ.

ಖಾಸಗಿ ಕಾರಿನ ಸಾಮಾನ್ಯ ಪಾಲಿಸಿಯಲ್ಲಿ ರೇಸ್, ವೇಗದ ಪರೀಕ್ಷೆ ಇವಕ್ಕೆ ರಕ್ಷಣೆ ಇರುವುದಿಲ್ಲ, ಅದನ್ನು ಸ್ಪಷ್ಟವಾಗಿ ಬರೆದಿರುತ್ತಾರೆ. ಮೈದಾನದಲ್ಲಿ ಆದ ಪೆಟ್ಟು ನಮ್ಮ ಕಿಸೆಯದ್ದೇ. ಇನ್ನು ಅದೇ ಗಾಡಿಯನ್ನು ಕೆಎ-19 ಅಥವಾ ಕೆಎ-20 ನಂಬರಿನಲ್ಲಿ ರಸ್ತೆಗೂ ತರುವುದಾದರೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ನೆನಪಿರಲಿ. ಕಂಪನಿ ಕೊಟ್ಟ ಮೂಲ ರಚನೆಯನ್ನು ನಮಗೆ ಬೇಕಾದ ಹಾಗೆ ಬದಲಿಸುವಂತಿಲ್ಲ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿ ಹೇಳಿತು. ಹದಿನೈದು ವರ್ಷ ದಾಟಿದ ಕಾರಿಗೆ ಐದೈದು ವರ್ಷಕ್ಕೊಮ್ಮೆ ತಪಾಸಣೆಯಾಗಿ ನೋಂದಣಿ ನವೀಕರಣ ಆಗಬೇಕು. ಆದ್ದರಿಂದ ಬಿಚ್ಚಿದ ಮೂಲ ಸಾಮಾನು ಒಂದನ್ನೂ ಮಾರಬೇಡಿ. ನನ್ನ ಅಟ್ಟದಲ್ಲಿ ನಾಲ್ಕು ಮೂಲ ಸ್ಪ್ರಿಂಗು, ಸೈಲೆನ್ಸರು, ಹಿಂದಿನ ಸೀಟು ಗೋಣಿಯಲ್ಲಿ ಸುತ್ತಿ ಇವೆ.

## ಗಾಡಿ ನೋಡಲಿಕ್ಕೆ ಹೋಗುವಾಗ

ಹಳೇ ಗಾಡಿ ತಗೊಳ್ಳುವಾಗ ಎಂಜಿನ್ ಅಲ್ವಾ ಮೊದಲು ನೋಡ್ಬೇಕಾದ್ದು?

ಅಲ್ಲ. ಎಂಜಿನ್ ಕೆಟ್ಟರೆ ಇನ್ನೊಂದು ಸಿಗುತ್ತದೆ. ತಗಡು ಕೆಟ್ಟರೆ ಗಾಡಿಯೇ ಇಲ್ಲ. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿನ ಆಸುಪಾಸು ಮಳೆ, ಉಳಿದ ತಿಂಗಳು ಉಪ್ಪಿನ ಗಾಳಿ. ಇಲ್ಲಿ ಇಪ್ಪತ್ತು ವರ್ಷ ಬದುಕಿದ ಕಾರಿನ ಬಣ್ಣದ ಕೆಳಗೆ ಏನಿದೆ ಎಂದು ನೋಡದೆ ಮುಂಗಡ ಕೊಡಬಾರದು.

ನನಗೆ ಇದು ಗೊತ್ತಾದದ್ದು ಕಷ್ಟದ ದಾರಿಯಲ್ಲಿ. ನನ್ನ ಮೊದಲ ಗಾಡಿ ಕಡಲಿಗೆ ತಾಗಿದ ಮನೆಯಂಗಳದಲ್ಲಿ ವರ್ಷಗಟ್ಟಲೆ ನಿಂತದ್ದು. ಹೊರಗಿನಿಂದ ಹೊಳೆಯುತ್ತಿತ್ತು. ಒಂದು ಸ್ಪರ್ಧೆಯ ಮೂರನೇ ರನ್‌ನಲ್ಲಿ ಬಲಬದಿಯ ಲೋವರ್ ಆರ್ಮ್ (ಚಕ್ರವನ್ನು ಕೆಳಗಿನಿಂದ ಹಿಡಿಯುವ ತೋಳು) ಕೂರುವ ಜಾಗದ ತಗಡೇ ಹರಿದು, ಚಕ್ರ ಹಿಂದಕ್ಕೆ ಮಡಚಿಕೊಂಡಿತು. ಮೈದಾನವಾದ್ದರಿಂದ ಬದುಕಿದೆ. ಅದೇ ದಿನ ಬೆಳಿಗ್ಗೆ ಅದೇ ಗಾಡಿಯಲ್ಲಿ ಹೆದ್ದಾರಿಯಲ್ಲಿ ಬಂದಿದ್ದೆ. ಆ ಯೋಚನೆ ಇನ್ನೂ ನನ್ನನ್ನು ಬಿಟ್ಟಿಲ್ಲ.

ಈಗ ಹೋಗುವಾಗ ಚಾಪೆ, ಟಾರ್ಚು, ಬಟ್ಟೆ ಸುತ್ತಿದ ಅಯಸ್ಕಾಂತ, ಒಂದು ಸ್ಕ್ರೂಡ್ರೈವರ್ ಒಯ್ಯುತ್ತೇನೆ. ಅಯಸ್ಕಾಂತ ಹಿಡಿಯದ ಕಡೆ ಬಣ್ಣದ ಕೆಳಗೆ ಪುಟ್ಟಿ ಉಂಟು ಎಂದು ಅರ್ಥ. ಸ್ಕ್ರೂಡ್ರೈವರಿನ ಹಿಡಿಯಲ್ಲಿ ಕುಟ್ಟಿದರೆ ಗಟ್ಟಿ ತಗಡು ಟಣ್ ಎನ್ನುತ್ತದೆ, ಕೊಳೆತದ್ದು ಡಬ್ ಎನ್ನುತ್ತದೆ. ಮುಂದಿನ ಸ್ಟ್ರಟ್ ಟವರಿನ ಬಾಯಿ, ಲೋವರ್ ಆರ್ಮ್ ಮೌಂಟ್, ಜಾಕ್ ಇಡುವ ಜಾಗ, ಡ್ರೈವರ್ ಕಾಲಡಿಯ ಕಾರ್ಪೆಟಿನ ಕೆಳಗೆ, ಸ್ಟೆಪ್ನಿ ಗುಂಡಿ, ಬ್ರೇಕ್ ಪೈಪ್ ಹಿಂದಕ್ಕೆ ಹೋಗುವ ದಾರಿ: ಈ ಆರು ಕಡೆ ಬಿಡಬೇಡಿ. ಹೊಟ್ಟೆಯ ಅಡಿಗೆ ಹೊಸದಾಗಿ ಕಪ್ಪು ಕೋಟಿಂಗ್ ಬಳಿದಿದ್ದರೆ ಖುಷಿಪಡುವ ಬದಲು ಅನುಮಾನಪಡಿ. ತುಕ್ಕಿನ ಮೇಲೆ ಬಳಿದ ಕೋಟಿಂಗ್ ನೀರನ್ನು ಒಳಗೇ ಹಿಡಿದಿಡುತ್ತದೆ.

ಘಟ್ಟದ ಮೇಲಿನ ಗಾಡಿ ತಂದ್ರೆ ಒಳ್ಳೇದಾ?

ತಗಡಿನ ಮಟ್ಟಿಗೆ ಹೌದು. ಹಾಸನ, ಬೆಂಗಳೂರು ಕಡೆಯ ಗಾಡಿ ಸಾಮಾನ್ಯವಾಗಿ ಗಟ್ಟಿ ಇರುತ್ತದೆ. ಎಂಜಿನ್, ಗೇರ್‌ಬಾಕ್ಸ್ ಮಾತ್ರ ಬೇರೆಯಾಗಿ ಪರೀಕ್ಷಿಸಿ.

## ಮೊದಲ ಸೀಸನ್

ಕೈಯಲ್ಲಿ ಸ್ವಲ್ಪ ದುಡ್ಡು ಉಂಟು. ಮೊದಲು ಫಿಲ್ಟರಾ, ಸೈಲೆನ್ಸರಾ?

ಎರಡೂ ಅಲ್ಲ. ಹಳೇ ಗಾಡಿಯನ್ನು ಮಾಡಿಫೈ ಮಾಡುವ ಮೊದಲು ಅದು ಹೊಸದಿದ್ದಾಗ ಹೇಗಿತ್ತೋ ಹಾಗೆ ಮಾಡಿ. ನಾನು ಯಾರಿಗೆ ಏನು ಹೇಳಿದರೂ ಕೊನೆಗೆ ಈ ಒಂದೇ ಮಾತಿಗೆ ಬರುತ್ತೇನೆ.

ಆರ್ಮುಗಳ ಕೀಲಿನಲ್ಲಿ ಕೂರುವ ಇಪ್ಪತ್ತು ವರ್ಷದ ರಬ್ಬರ್ ಬುಶ್ ಬಿಸಿಲಿಗೆ ಒಣಗಿ, ಎಣ್ಣೆಗೆ ಮೆತ್ತಗಾಗಿ, ಒಡೆದಿರುತ್ತದೆ. ಆಗ ಬ್ರೇಕ್ ಒತ್ತಿದಾಗ ಚಕ್ರ ಒಂದು ದಿಕ್ಕಿಗೆ, ಆಕ್ಸಿಲರೇಟರ್ ಕೊಟ್ಟಾಗ ಇನ್ನೊಂದು ದಿಕ್ಕಿಗೆ ತನ್ನಷ್ಟಕ್ಕೇ ತಿರುಗುತ್ತದೆ. ಅಲೈನ್‌ಮೆಂಟ್ ಯಂತ್ರದಲ್ಲಿ ಎಷ್ಟು ಚಂದದ ಅಂಕಿ ಬಂದರೂ ಗಾಡಿ ಓಡುವಾಗ ಆ ಅಂಕಿ ಅಲ್ಲಿ ಇರುವುದಿಲ್ಲ. ಲೋವರ್ ಆರ್ಮ್ ಬುಶ್, ಬಾಲ್ ಜಾಯಿಂಟ್, ಟೈ ರಾಡ್ ಎಂಡ್, ಸ್ಟ್ರಟ್ ಮೌಂಟ್, ಎಂಜಿನ್ ಮೌಂಟ್, ನಾಲ್ಕು ಹೊಸ ಶಾಕ್ ಅಬ್ಸಾರ್ಬರ್. ಇಷ್ಟು ಹಾಕಿಸಿದ ದಿನ ನನ್ನ ಎಸ್ಟೀಮ್ ಓಡಿದ ರೀತಿ ನೋಡಿ, ಹಿಂದಿನ ವರ್ಷ ಸೈಲೆನ್ಸರಿಗೆ ಸುರಿದ ದುಡ್ಡಿಗೆ ಮರುಗಿದೆ. ಬುಶ್ ಹಾಕುವವರಿಗೆ ಒಂದು ಮಾತು ಹೇಳಿ: ಕೊನೆಯ ಬಿಗಿ ಕೊಡುವುದು ಗಾಡಿ ಜಾಕಿನ ಮೇಲೆ ನೇತಾಡುವಾಗ ಅಲ್ಲ, ಚಕ್ರ ನೆಲಕ್ಕೆ ಕೂತ ಮೇಲೆ. ಇಲ್ಲದಿದ್ದರೆ ರಬ್ಬರ್ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ.

ಹತ್ತು ರೂಪಾಯಿ ಇದ್ದರೆ ನಾಲ್ಕು ಇದಕ್ಕೆ, ಮೂರು ಟಯರಿಗೆ, ಒಂದು ಬ್ರೇಕಿಗೆ, ಉಳಿದ ಎರಡು ಪ್ರವೇಶ ಶುಲ್ಕ ಮತ್ತು ಪೆಟ್ರೋಲಿಗೆ. ಓಡಿಸಿದಷ್ಟು ಕಲಿಯುವುದು ಬೇರೆ ಯಾವುದರಿಂದಲೂ ಇಲ್ಲ.

ಟಯರ್ ಅಗಲ ಆದಷ್ಟು ಹಿಡಿತ ಜಾಸ್ತಿ ಅಲ್ವಾ? ದೊಡ್ಡ ಅಲಾಯ್ ಹಾಕಿಸ್ಲಾ?

ಡಾಂಬರಿನಲ್ಲಿ ಒಂದು ಮಿತಿಯವರೆಗೆ ಹೌದು. ಸಡಿಲ ಮಣ್ಣಿನಲ್ಲಿ ಅಲ್ಲ. ಅಲ್ಲಿ ಟಯರ್ ಮೇಲಿನ ಹುಡಿಯನ್ನು ಸೀಳಿ ಕೆಳಗಿನ ಗಟ್ಟಿ ನೆಲಕ್ಕೆ ತಲುಪಬೇಕು, ಅದಕ್ಕೆ ಕಿರಿದಾದ ಟಯರೇ ಒಳ್ಳೆಯದು.

ಅಳತೆಯನ್ನು ಲೆಕ್ಕ ಹಾಕಿಯೇ ತೆಗೆದುಕೊಳ್ಳಿ. ಮೊದಲ ಅಂಕಿ ಅಗಲ ಮಿ.ಮೀ.ನಲ್ಲಿ, ಎರಡನೆಯದು ಬದಿಯ ಎತ್ತರ ಅಗಲದ ಎಷ್ಟು ಶೇಕಡಾ ಎಂದು, ಆರ್ ಆದ ಮೇಲಿನದ್ದು ರಿಮ್ಮಿನ ಇಂಚು. 175/70 ಆರ್13 ಟಯರಿನ ಒಟ್ಟು ಎತ್ತರ ಸುಮಾರು 575 ಮಿ.ಮೀ. 185/60 ಆರ್14 ಹಾಕಿದರೆ 578, ಹೆಚ್ಚುಕಡಿಮೆ ಅಷ್ಟೇ. 195/55 ಆರ್15 ಹಾಕಿದರೆ 595 ದಾಟುತ್ತದೆ, ಅಂದರೆ ಪ್ರತಿ ಗೇರೂ ಮೂರೂವರೆ ಶೇಕಡಾ ಉದ್ದವಾಗಿ ಮೂಲೆಯಿಂದ ಏಳುವ ಶಕ್ತಿ ಅಷ್ಟು ಕಡಿಮೆಯಾಗುತ್ತದೆ. ಅದರ ಬದಲು 185/60 ಆರ್13 ಹಾಕಿದರೆ 552. ಗೇರ್‌ಬಾಕ್ಸ್ ಬಿಚ್ಚದೆಯೇ ಗೇರ್ ನಾಲ್ಕು ಶೇಕಡಾ ಗಿಡ್ಡವಾಗುತ್ತದೆ, ಚಕ್ರವೂ ಹಗುರ. ಡಾಂಬರಿನ ಸ್ಪರ್ಧೆಗೆ ನಾನು ಇದನ್ನೇ ಹಾಕುತ್ತೇನೆ.

ಇನ್ನೊಂದು ಎಚ್ಚರಿಕೆ. ಹಳೇ ಸಿಟಿಯ ನಾಲ್ಕು ಬೋಲ್ಟ್ ಕೂರುವ ವೃತ್ತ 100 ಮಿ.ಮೀ. ಫಿಯೆಟ್ ಪಾಲಿಯೊದ್ದು 98. ಎರಡು ಮಿಲಿಮೀಟರ್ ತಾನೇ ಎಂದು ಒತ್ತಾಯದಿಂದ ಬಿಗಿದರೆ ಕೂತ ಹಾಗೆ ಕಾಣುತ್ತದೆ, ಆದರೆ ಬೋಲ್ಟ್ ಓರೆಯಾಗಿ ನಿಂತಿರುತ್ತದೆ. ಓಡುವಾಗ ಚಕ್ರವೇ ಕಳಚಬಹುದು.

ಗಾಳಿ ಎಷ್ಟು ಹಾಕ್ಬೇಕು?

ಪೆಟ್ರೋಲ್ ಬಂಕಿನ ಮೀಟರನ್ನು ನಂಬದೆ ಸ್ವಂತ ಗೇಜ್ ಇಟ್ಟುಕೊಳ್ಳಿ. ಟಯರಿನ ಅಂಚಿನಿಂದ ಬದಿಗೆ ಮೂರು ಕಡೆ ಸೀಮೆಸುಣ್ಣದಲ್ಲಿ ಗೆರೆ ಎಳೆಯಿರಿ. ಒಂದು ರನ್ ಆದ ಮೇಲೆ ಸುಣ್ಣ ಬದಿಯವರೆಗೂ ಅಳಿಸಿದ್ದರೆ ಟಯರ್ ಮಡಚುತ್ತಿದೆ, 2 ಪಿಎಸ್‌ಐ ಏರಿಸಿ. ಅಂಚಿನವರೆಗೂ ಅಳಿಸದಿದ್ದರೆ ಇಳಿಸಿ. ಮುಂದಿನ ಚಕ್ರದಿಂದ ಎಳೆಯುವ ಗಾಡಿಗೆ ಡಾಂಬರಿನಲ್ಲಿ ಮುಂದೆ 36, ಹಿಂದೆ 32ರಿಂದ ಶುರು ಮಾಡುತ್ತೇನೆ. ಬಿಸಿಲಿನಲ್ಲಿ ಎರಡು ಮೂರು ರನ್ ಬೆನ್ನುಬೆನ್ನಿಗೆ ಓಡಿದರೆ ಒತ್ತಡ ತನ್ನಷ್ಟಕ್ಕೆ ಏರುತ್ತದೆ. ಪ್ರತಿ ಸಲ ನೋಡಬೇಕು.

ಎರಡು ರನ್ ಆದ ಮೇಲೆ ಬ್ರೇಕ್ ಸ್ಪಂಜಿನ ಹಾಗೆ ಒಳಗೆ ಹೋಗ್ತದೆ. ಪ್ಯಾಡ್ ಹೊಸತೇ.

ಪ್ಯಾಡ್ ಅಲ್ಲ, ಎಣ್ಣೆ. ಬ್ರೇಕ್ ಫ್ಲೂಯಿಡ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ, ನಮ್ಮ ಊರಿನ ಗಾಳಿಯಲ್ಲಿ ತೇವಕ್ಕೆ ಬರವಿಲ್ಲ. ಡಾಟ್ 3 ದರ್ಜೆಯ ಎಣ್ಣೆ ಹೊಸದಿದ್ದಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂದು ನಿಯಮ. ನೀರು ಹೀರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4ಕ್ಕೆ ಈ ಅಂಕಿಗಳು 230 ಮತ್ತು 155. ಒಳಗೆ ಕುದಿದು ಆವಿಯಾದ ಜಾಗವನ್ನು ಪೆಡಲ್ ಒತ್ತುತ್ತಿರುವುದರಿಂದ ಸ್ಪಂಜಿನ ಹಾಗೆ ಅನಿಸುತ್ತದೆ. ಮಳೆಗಾಲ ಮುಗಿದ ಕೂಡಲೇ, ಸೀಸನ್ನಿನ ಮೊದಲು, ಹೊಸ ಡಬ್ಬಿ ಒಡೆದು ಡಾಟ್ 4 ತುಂಬಿಸಿ ನಾಲ್ಕೂ ಚಕ್ರದಿಂದ ಗಾಳಿ ತೆಗೆಸಿ. ಕಳೆದ ವರ್ಷ ಅರ್ಧ ಉಳಿದ ಡಬ್ಬಿ ಬಳಸಬೇಡಿ. ಮಣ್ಣಿನಲ್ಲಿ ಓಡಿದ ಮೇಲೆ ಹಿಂದಿನ ಡ್ರಮ್ ಬಿಚ್ಚಿ ಹುಡಿ ತೆಗೆಯುವುದನ್ನೂ ಮರೆಯಬೇಡಿ. ಹ್ಯಾಂಡ್‌ಬ್ರೇಕ್ ಎಳೆದು ಕೋನ್ ಸುತ್ತುವವರಿಗೆ ಒಂದು ಬದಿ ಮಾತ್ರ ಹಿಡಿದರೆ ಗಾಡಿ ಎಲ್ಲೋ ಹೋಗಿ ನಿಲ್ಲುತ್ತದೆ.

ರೋಲ್ ಕೇಜ್ ಹಾಕಿದ್ರೆ ಸೇಫ್ ಅಲ್ವಾ? ಹೆಲ್ಮೆಟ್ ಬೈಕಿನದ್ದೇ ಸಾಕಾ?

ಕೇಜ್ (ಗಾಡಿ ಪಲ್ಟಿಯಾದರೆ ಒಳಗಿನವರನ್ನು ಕಾಯುವ ಕೊಳವೆಗಳ ಚೌಕಟ್ಟು) ಇದ್ದರೆ ಹೆಲ್ಮೆಟ್ಟೂ, ತಲೆ ತಾಗುವ ಕಡೆಯಲ್ಲಿ ಗಟ್ಟಿ ಪ್ಯಾಡಿಂಗೂ, ಸರಿಯಾದ ಸೀಟು ಬೆಲ್ಟೂ ಒಟ್ಟಿಗೆ ಇರಲೇಬೇಕು. ಹೆಲ್ಮೆಟ್ ಇಲ್ಲದೆ ಕೇಜ್ ಇರುವ ಗಾಡಿಯನ್ನು ಪೇಟೆಗೆ ಒಯ್ದರೆ, ಸಣ್ಣ ಡಿಕ್ಕಿಯಲ್ಲೂ ತಲೆ ಹೋಗಿ ಹೊಡೆಯುವುದು ಕಬ್ಬಿಣದ ಕೊಳವೆಗೆ. ನೆಲದ ತುಕ್ಕು ಹಿಡಿದ ತಗಡಿಗೆ ವೆಲ್ಡ್ ಮಾಡಿದ ಕೇಜ್ ಕೇಜೇ ಅಲ್ಲ. ಬರೇ ಕೋನಿನ ಮಧ್ಯೆ ಓಡುವ ಶುರುವಿನವರಿಗೆ ಕೇಜಿಗಿಂತ ಮೊದಲು ಬೇಕಾದ್ದು ಮುಖ ಪೂರ್ತಿ ಮುಚ್ಚುವ ಒಳ್ಳೆಯ ಹೆಲ್ಮೆಟ್, ಮೂಲ ಬೆಲ್ಟ್ ಗಟ್ಟಿ ಇರುವುದು, ಬ್ಯಾಟರಿ ಅಲುಗದ ಹಾಗೆ ಕಟ್ಟಿರುವುದು, ಕೈಗೆ ಎಟಕುವ ಬೆಂಕಿ ನಂದಕ. ಯಾವ ಗುರುತಿನ ಹೆಲ್ಮೆಟ್ ಒಪ್ಪುತ್ತಾರೆ ಎಂಬುದು ನಿಯಮ ಪುಸ್ತಕದಲ್ಲಿರುತ್ತದೆ.

ಸೀಟೆಲ್ಲ ಕಿತ್ತು ತೂಕ ಇಳಿಸ್ಲಾ?

ನಿಯಮ ಒಪ್ಪಿದರೆ ಇಳಿಸಿ. ತೂಕ ಕಡಿಮೆಯಾದರೆ ಓಟ, ತಿರುವು, ಬ್ರೇಕು ಮೂರಕ್ಕೂ ಲಾಭ. ಸ್ಪರ್ಧೆಯ ದಿನ ಸ್ಟೆಪ್ನಿ, ಜಾಕ್, ಡಿಕ್ಕಿಯ ಸಾಮಾನು ತೆಗೆದು, ಪೆಟ್ರೋಲ್ ಕಾಲು ಟ್ಯಾಂಕ್ ಇಟ್ಟರೆ ಖರ್ಚಿಲ್ಲದೆ ಮೂವತ್ತು ನಲವತ್ತು ಕಿಲೋ ಹೋಗುತ್ತದೆ. ಆದರೆ ಈ ಗಾಡಿಗಳಲ್ಲಿ ಮೂತಿಯೇ ಭಾರ. ಹಿಂದೆ ಬಹಳ ಹಗುರ ಮಾಡಿದರೆ ಬ್ರೇಕ್ ಒತ್ತಿದಾಗ ಬಾಲ ಸುತ್ತಿ ಬರುತ್ತದೆ. ಗೊತ್ತಿದ್ದು ಮಾಡಿ.

## ಕೈ ಪಳಗಿದ ಮೇಲೆ

ಸ್ಪ್ರಿಂಗ್ ಎರಡು ಸುತ್ತು ಕಟ್ ಮಾಡಿಸಿದ್ರೆ ಗಾಡಿ ಗಟ್ಟಿ ಆಗ್ತದೆ ಅಂತಾರೆ. ನಿಜವಾ?

ಗಟ್ಟಿಯಾಗುವುದು ನಿಜ. ಸ್ಪ್ರಿಂಗಿನ ಬಿಗಿತ ಸುತ್ತುಗಳ ಸಂಖ್ಯೆಗೆ ತಿರುಗುಮುರುಗು. ಆರು ಸುತ್ತಿನದ್ದನ್ನು ಐದು ಮಾಡಿದರೆ ಶೇಕಡಾ 20 ಬಿಗಿ. ಕೆಡುವುದು ಬೇರೆ ಕಡೆ. ಚಕ್ರ ಮೇಲೆ ಹೋಗಲು ಇದ್ದ ಜಾಗ ಅರ್ಧಕ್ಕಿಳಿದು ಶಾಕ್ ಅಬ್ಸಾರ್ಬರ್ ತಳಕ್ಕೆ ಹೊಡೆಯುತ್ತದೆ. ಚಕ್ರ ಗಾಳಿಯಲ್ಲಿ ಇಳಿದಾಗ ಸ್ಪ್ರಿಂಗ್ ಸೀಟು ಬಿಟ್ಟು ಜಾರುತ್ತದೆ. ಗ್ಯಾಸ್ ಬೆಂಕಿಯಲ್ಲಿ ಕತ್ತರಿಸಿದರಂತೂ ಉಕ್ಕಿನ ಹದವೇ ಹೋಗುತ್ತದೆ.

ಇದಕ್ಕಿಂತ ಸೂಕ್ಷ್ಮವಾದ ಹಾನಿ ಒಂದಿದೆ. ಸ್ಟ್ರಟ್ ಇರುವ ಗಾಡಿಯಲ್ಲಿ ಲೋವರ್ ಆರ್ಮ್ ಹೊರಗಡೆಗೆ ಸ್ವಲ್ಪ ಇಳಿಜಾರಾಗಿ ಇರಬೇಕು. ಗಾಡಿಯನ್ನು ಬಹಳ ತಗ್ಗಿಸಿದರೆ ಆ ಆರ್ಮ್ ತಲೆಕೆಳಗಾಗಿ ಹೊರಗಡೆಗೆ ಏರುತ್ತದೆ. ಆಗ ಗಾಡಿ ವಾಲುವ ಕೇಂದ್ರಬಿಂದು, ತೂಕದ ಕೇಂದ್ರಕ್ಕಿಂತ ವೇಗವಾಗಿ ಕೆಳಗಿಳಿದು, ಎರಡರ ನಡುವಿನ ಅಂತರ ಹೆಚ್ಚುತ್ತದೆ. ತಗ್ಗಿಸಿದ ಗಾಡಿ ಮೊದಲಿಗಿಂತ ಹೆಚ್ಚು ವಾಲಲು ನೋಡುತ್ತದೆ. ಡಾಂಬರಿಗಾದರೆ ಸರಿಯಾದ ಸ್ಪ್ರಿಂಗಿನಲ್ಲಿ 25 ಮಿ.ಮೀ. ತಗ್ಗಿಸಿ, ಅಲ್ಲಿಗೆ ನಿಲ್ಲಿಸಿ. ಮಣ್ಣಿಗೆ ಮೂಲ ಎತ್ತರ, ಇಲ್ಲವೇ ಅದಕ್ಕಿಂತ ಸ್ವಲ್ಪ ಮೇಲೆ, ಸ್ಪ್ರಿಂಗ್ ಮೆತ್ತಗೆ, ಡ್ಯಾಂಪರ್ (ಶಾಕ್ ಅಬ್ಸಾರ್ಬರ್) ಮಾತ್ರ ಒಳ್ಳೆಯದು.

ಮೂಲೆಯಲ್ಲಿ ಸ್ಟೇರಿಂಗ್ ಎಷ್ಟು ತಿರುಗಿಸಿದ್ರೂ ಗಾಡಿ ಸೀದಾ ಹೋಗ್ತದೆ. ಎಂತ ಮಾಡುವುದು?

ಇದು ಅಂಡರ್‌ಸ್ಟೀರ್. ಮೊದಲು ನಿಮ್ಮ ಕಾಲನ್ನು ಪರೀಕ್ಷಿಸಿ. ಹತ್ತರಲ್ಲಿ ಏಳು ಸಲ ಕಾರಣ ಮೂಲೆಗೆ ಬೇಗ ನುಗ್ಗುವುದು. ಹಿಡಿತ ಹೋದ ಮುಂದಿನ ಚಕ್ರವನ್ನು ಇನ್ನೂ ತಿರುಗಿಸಿದರೆ ಹಿಡಿತ ಬರುವುದಿಲ್ಲ. ಸ್ಟೇರಿಂಗನ್ನು ಸ್ವಲ್ಪ ಸಡಿಲಿಸಿ, ಆಕ್ಸಿಲರೇಟರ್ ಬಿಟ್ಟು, ಮೂತಿಗೆ ತೂಕ ಬರಲು ಬಿಡಿ.

ಅದಾದ ಮೇಲೂ ಹೀಗೇ ಆದರೆ ಗಾಡಿಗೆ ಬನ್ನಿ. 900 ಕಿಲೋದ ಗಾಡಿ, ತೂಕದ ಕೇಂದ್ರ ನೆಲದಿಂದ 50 ಸೆಂ.ಮೀ., ಎಡಬಲ ಚಕ್ರಗಳ ಅಂತರ 1.36 ಮೀಟರ್ ಎಂದಿಟ್ಟುಕೊಳ್ಳಿ. ಮಣ್ಣಿನಲ್ಲಿ 0.6 ಜಿ ಬಲದಲ್ಲಿ (ಗಾಡಿಯ ತೂಕದ 0.6 ಪಾಲು ಬದಿಗೆ) ತಿರುಗಿದರೆ ಸುಮಾರು 200 ಕಿಲೋ ಒಳಚಕ್ರಗಳಿಂದ ಹೊರಚಕ್ರಗಳಿಗೆ ಹೋಗುತ್ತದೆ. ಸ್ಪ್ರಿಂಗ್ ಎಷ್ಟೇ ಗಟ್ಟಿ ಮಾಡಿದರೂ ಈ 200 ಕಡಿಮೆಯಾಗುವುದಿಲ್ಲ. ನಮ್ಮ ಕೈಯಲ್ಲಿರುವುದು ಅದರಲ್ಲಿ ಮುಂದಿನ ಆಕ್ಸಲ್ಲಿಗೆ ಎಷ್ಟು ಪಾಲು, ಹಿಂದಿನದಕ್ಕೆ ಎಷ್ಟು ಎಂಬುದು ಮಾತ್ರ. ಯಾವ ಕಡೆ ಹೆಚ್ಚು ದಾಟುತ್ತದೋ ಆ ಕಡೆ ಹಿಡಿತ ಮೊದಲು ಕಳೆಯುತ್ತದೆ. ಆದ್ದರಿಂದ ಎಡಬಲ ಚಕ್ರಗಳನ್ನು ಜೋಡಿಸಿ ವಾಲುವುದನ್ನು ತಡೆಯುವ ಹಿಂದಿನ ಆ್ಯಂಟಿರೋಲ್ ಬಾರನ್ನು ಗಟ್ಟಿ ಮಾಡಿದರೆ ಮುಂದಿನ ಚಕ್ರಕ್ಕೆ ಉಸಿರು ಸಿಗುತ್ತದೆ. ಮೂಲೆಯಲ್ಲಿ ಒಳಗಿನ ಹಿಂದಿನ ಚಕ್ರ ನೆಲ ಬಿಟ್ಟು ಏಳುವುದನ್ನು ನೋಡಿ ಗಾಬರಿಯಾಗಬೇಡಿ, ಅದು ಸರಿಯಾದ ಲಕ್ಷಣ. ಬಾರಿನ ಬಿಗಿತ ದಪ್ಪದ ನಾಲ್ಕನೇ ಘಾತದಲ್ಲಿ ಏರುತ್ತದೆ. 20 ಮಿ.ಮೀ. ಬಾರಿನ ಬದಲು 22 ಹಾಕಿದರೆ ಶೇಕಡಾ 46 ಗಟ್ಟಿ. ಕಣ್ಣಿಗೆ ಎರಡು ಮಿಲಿಮೀಟರ್, ಗಾಡಿಗೆ ಬೇರೆಯೇ ಸ್ವಭಾವ.

ಅಲೈನ್‌ಮೆಂಟಿನಲ್ಲಿ ನನ್ನ ಶುರುವಿನ ಅಂಕಿಗಳು ಹೀಗಿವೆ. ಡಾಂಬರಿಗೆ ಮುಂದೆ ಮೈನಸ್ 2 ಡಿಗ್ರಿ ಕ್ಯಾಂಬರ್ (ಚಕ್ರದ ತಲೆ ಒಳಕ್ಕೆ ವಾಲುವುದು), 2 ಮಿ.ಮೀ. ಟೋ ಔಟ್ (ಎರಡು ಚಕ್ರಗಳ ಮೂತಿ ಹೊರಕ್ಕೆ ತಿರುಗಿರುವುದು). ಮಣ್ಣಿಗೆ ಮೈನಸ್ 1 ಸಾಕು. ಹಿಂದೆ ಟೋ ಸೊನ್ನೆ, ಅಥವಾ ಮೈದಾನದ ಮಟ್ಟಿಗೆ 1 ಮಿ.ಮೀ. ಔಟ್. ಸ್ಟ್ರಟ್ ಎರಡು ಬೋಲ್ಟಿನಲ್ಲಿ ಸ್ಟೇರಿಂಗ್ ನಕಲ್ (ಚಕ್ರ ಕೂರುವ ಭಾಗ) ಹಿಡಿದಿರುವ ಗಾಡಿಯಾದರೆ ಮೇಲಿನ ಬೋಲ್ಟಿನ ಬದಲು ಕ್ಯಾಂಬರ್ ಬೋಲ್ಟ್ ಹಾಕಿ ಹೊಂದಿಸಬಹುದು. ಹಿಂದಿನ ಟೋ ಔಟ್ ಇಟ್ಟುಕೊಂಡು ಮಾತ್ರ ಹೆದ್ದಾರಿಯಲ್ಲಿ ಮನೆಗೆ ಹೊರಡಬೇಡಿ. ಮಳೆ ಹನಿದ ರಸ್ತೆಯಲ್ಲಿ ಬ್ರೇಕ್ ಒತ್ತಿದರೆ ಗಾಡಿ ತಿರುಗಿ ನಿಲ್ಲುತ್ತದೆ. ಹಿಂದಿನ ಟೋ ಹೊಂದಿಸುವ ಕಡೆ ಬಣ್ಣದ ಗುರುತು ಹಾಕಿಟ್ಟು ಅಲ್ಲೇ ಹಿಂದಕ್ಕೆ ತಿರುಗಿಸಿ ಬರುತ್ತೇನೆ.

ಹೇರ್‌ಪಿನ್ನಿಂದ ಹೊರಗೆ ಬರುವಾಗ ಒಂದೇ ಚಕ್ರ ಸುತ್ತಿ ಹೊಗೆ ಬರ್ತದೆ, ಗಾಡಿ ಏಳುವುದಿಲ್ಲ.

ಎಂಜಿನ್ನಿನ ಬಲವನ್ನು ಹಂಚುವ ಸಾಮಾನ್ಯ ಡಿಫರೆನ್ಶಿಯಲ್ ಎರಡು ಚಕ್ರಕ್ಕೂ ಸಮಾನ ಬಲ ಕೊಡುತ್ತದೆ. ಒಳಚಕ್ರದ ಮೇಲೆ ತೂಕವೇ ಇಲ್ಲದಾಗ ಅದು ಎಷ್ಟು ಕಡಿಮೆ ಬಲ ತಾಳುತ್ತದೋ ಅಷ್ಟೇ ಹೊರಚಕ್ರಕ್ಕೂ ಸಿಗುತ್ತದೆ. ಲಿಮಿಟೆಡ್ ಸ್ಲಿಪ್ ಡಿಫರೆನ್ಶಿಯಲ್ ಹಾಕುವುದು ಪೂರ್ತಿ ಪರಿಹಾರ, ಆದರೆ ಈ ಹಳೇ ಗಾಡಿಗಳಿಗೆ ದುಬಾರಿ. ಅದಕ್ಕೆ ಮೊದಲು ಎಡಗಾಲಿನಲ್ಲಿ ಬ್ರೇಕನ್ನು ಹಗುರವಾಗಿ ತಾಗಿಸಿ ಸುತ್ತುವ ಚಕ್ರವನ್ನು ಹಿಡಿಯುವುದನ್ನು ಕಲಿಯಿರಿ. ಒಂದು ಸೀಸನ್ ಬೇಕು.

ಬೆಂಗಳೂರಿನಲ್ಲಿ ಟ್ಯೂನ್ ಮಾಡಿಸಿದ ಗಾಡಿ ಇಲ್ಲಿ ಬೇರೆ ತರ ಓಡ್ತದೆ. ಹೀಗೂ ಉಂಟಾ?

ಉಂಟು. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲೆ ಇದೆ, ಅಲ್ಲಿ ಗಾಳಿಯ ಒತ್ತಡ ನಮ್ಮಲ್ಲಿಗಿಂತ ಹತ್ತು ಶೇಕಡಾ ಕಡಿಮೆ. ಅದೇ ಎಂಜಿನ್ ಇಲ್ಲಿ ಪ್ರತಿ ಉಸಿರಿಗೆ ಹೆಚ್ಚು ಗಾಳಿ ಎಳೆಯುತ್ತದೆ. ಆದರೆ ಏಪ್ರಿಲ್ ಮಧ್ಯಾಹ್ನದ 32 ಡಿಗ್ರಿಯಲ್ಲಿ, ತೇವಾಂಶ 75 ಶೇಕಡಾ ಇದ್ದಾಗ, ಆ ಗಾಳಿಯಲ್ಲಿ ಮೂರೂವರೆ ಶೇಕಡಾ ಬರೇ ನೀರಾವಿ. ಅಷ್ಟು ಪಾಲಿನಲ್ಲಿ ಆಮ್ಲಜನಕಕ್ಕೆ ಜಾಗವಿಲ್ಲ. ಗಾಳಿ ಹೆಚ್ಚಾದರೂ ಪೆಟ್ರೋಲ್ ಬೆಂಗಳೂರಿನ ಲೆಕ್ಕದ್ದೇ ಬಂದರೆ ಮಿಶ್ರಣ ತೆಳುವಾಗಿ ಎಂಜಿನ್ ಕುಟ್ಟುತ್ತದೆ. ಪಿಗ್ಗಿಬ್ಯಾಕ್ ಕಂಪ್ಯೂಟರ್ (ಮೂಲ ಕಂಪ್ಯೂಟರಿನ ಲೆಕ್ಕ ತಿದ್ದುವ ಹೆಚ್ಚುವರಿ ಪೆಟ್ಟಿಗೆ) ಹಾಕಿಸಿದವರು, ಕಾರ್ಬ್ಯುರೇಟರ್ ಗಾಡಿಯವರು ಇಲ್ಲಿಯೇ ಮತ್ತೊಮ್ಮೆ ಹೊಂದಿಸಬೇಕು. ವೈಡ್‌ಬ್ಯಾಂಡ್ ಸೆನ್ಸರ್ (ಹೊಗೆ ನೋಡಿ ಮಿಶ್ರಣ ಅಳೆಯುವುದು) ಹಾಕಿ, ಪೂರ್ತಿ ಆಕ್ಸಿಲರೇಟರಿನಲ್ಲಿ 12.5ರಿಂದ 13ರ ಮಧ್ಯೆ ಗಾಳಿ-ಇಂಧನ ಅನುಪಾತ ನಿಲ್ಲುತ್ತದೆಯೇ ನೋಡಿ.

ಈಗ ಇದಕ್ಕೆ ಇ20 ಪೆಟ್ರೋಲೂ (ಶೇಕಡಾ 20 ಎಥನಾಲ್ ಬೆರೆಸಿದ್ದು) ಸೇರಿದೆ. ಎಥನಾಲ್ ಸುಡಲು ಕಡಿಮೆ ಗಾಳಿ ಸಾಕು. ಶುದ್ಧ ಪೆಟ್ರೋಲಿಗೆ 14.7 ಇರುವ ಅನುಪಾತ ಇ20ಗೆ 13.5ರ ಹತ್ತಿರ. ಮೆಲ್ಲಗೆ ಓಡಿಸುವಾಗ ಹಳೇ ಇಸಿಯು (ಎಂಜಿನ್ನಿನ ಕಂಪ್ಯೂಟರ್) ಇದನ್ನು ಸರಿದೂಗಿಸುತ್ತದೆ, ಪೂರ್ತಿ ಒತ್ತಿದಾಗ ಸರಿದೂಗಿಸುವುದಿಲ್ಲ. 2001ರ ಗಾಡಿಯ ಪೆಟ್ರೋಲ್ ಪೈಪು, ಸೀಲುಗಳನ್ನೂ ಎಥನಾಲ್ ತಾಳುವ ರಬ್ಬರಿಗೆ ಬದಲಿಸಿಬಿಡಿ.

ಮುರಕಲ್ಲಿನ ಹುಡಿ ಹಿಟ್ಟಿನಷ್ಟು ನಯ. ಎಂಜಿನ್ ಬಿಸಿಯ ಮಧ್ಯೆ ತೆರೆದಿಟ್ಟ ಕೋನ್ ಫಿಲ್ಟರ್ ಬಿಸಿ ಗಾಳಿಯನ್ನೂ ಎಳೆಯುತ್ತದೆ, ಆ ಹುಡಿಯನ್ನೂ ಎಳೆಯುತ್ತದೆ. ಮೂಲ ಪೆಟ್ಟಿಗೆ, ಹೊಸ ಕಾಗದದ ಫಿಲ್ಟರ್, ಪ್ರತಿ ಸ್ಪರ್ಧೆಗೂ ಒಂದು. ಸೈಲೆನ್ಸರ್ ಬಿಟ್ಟರೆ ನನ್ನ ಎಂಜಿನ್ನಿನ ಹೊರಗೆ ನಾನು ಮಾಡಿದ್ದು ಅಷ್ಟೇ. ಒಳಗೆ ಕೈ ಹಾಕಿಲ್ಲ.

ಒಂದು ಬದಲಾವಣೆ ಮಾಡಿದ ಮೇಲೆ ನಿಜವಾಗಿ ವೇಗ ಹೆಚ್ಚಾಗಿದೆಯಾ ಅಂತ ಗೊತ್ತಾಗುವುದು ಹೇಗೆ?

ಒಂದು ಸಲಕ್ಕೆ ಒಂದೇ ಬದಲಾವಣೆ. ಅನುಮತಿ ಪಡೆದ ಖಾಸಗಿ ಜಾಗದಲ್ಲಿ ಹತ್ತು ಕೋನ್ ಇಟ್ಟು, ಹಳೇ ಸೆಟ್ಟಿಂಗಿನಲ್ಲಿ ಐದು ರನ್, ಹೊಸದರಲ್ಲಿ ಐದು, ಮತ್ತೆ ಹಳೆಯದಕ್ಕೆ ಬಂದು ಮೂರು. ಈ ಕೊನೆಯ ಮೂರನ್ನು ಬಿಡಬೇಡಿ. ನೆಲ ಉಜ್ಜಿ ಗಟ್ಟಿಯಾದದ್ದರಿಂದ, ನಿಮ್ಮ ಕೈ ಪಳಗಿದ್ದರಿಂದ ಸಿಕ್ಕ ಲಾಭವನ್ನು ಬದಲಾವಣೆಯ ಖಾತೆಗೆ ಬರೆಯದ ಹಾಗೆ ತಡೆಯುವುದು ಅದೇ. ನನ್ನ ನೋಟ್‌ಬುಕ್ಕಿನಲ್ಲಿ ಬಿಸಿಲು, ನೆಲದ ತೇವ, ಗಾಳಿಯ ಒತ್ತಡ, ಸಮಯ ಎಲ್ಲ ಇದೆ. ಸಾಧ್ಯವಾದರೆ ಗಾಡಿಯನ್ನು ನಿಮಗಿಂತ ಒಳ್ಳೆಯ ಡ್ರೈವರಿಗೆ ಒಂದು ರನ್ ಕೊಡಿ. ನಾನು ಒಬ್ಬ ಹುಡುಗಿಗೆ ಹೀಗೆ ಕೊಟ್ಟಾಗ ಅವಳು, ಗಾಡಿಯಲ್ಲಿ ಒಂದು ನಟ್ಟನ್ನೂ ಮುಟ್ಟದೆ, ನನ್ನ ಅತ್ಯುತ್ತಮ ಸಮಯಕ್ಕಿಂತ ಎರಡು ಸೆಕೆಂಡ್ ಮೊದಲು ಬಂದಳು. ಆ ವರ್ಷ ನಾನು ಹೊಸ ಪಾರ್ಟ್ ಏನೂ ತೆಗೆದುಕೊಳ್ಳಲಿಲ್ಲ. ದಾರಿಯನ್ನು ನಡೆದು ನೋಡುವುದನ್ನು ಒಂದು ಸಲದಿಂದ ಮೂರು ಸಲಕ್ಕೆ ಏರಿಸಿದೆ.

ನಮ್ಮ ಕಡೆಯವರು ಇದರಲ್ಲಿ ಮೇಲೆ ಹೋದದ್ದುಂಟಾ?

ಉಂಟು. ಕಾಸರಗೋಡು ಕಡೆಯ ಮೂಸಾ ಶರೀಫ್ ದೇಶದ ಹಿರಿಯ ರ‍್ಯಾಲಿ ನ್ಯಾವಿಗೇಟರುಗಳಲ್ಲಿ ಒಬ್ಬರು. 2019ರಲ್ಲಿ ಅರ್ಜುನ ಪ್ರಶಸ್ತಿ ಪಡೆದ ಚಾಲಕ ಗೌರವ್ ಗಿಲ್ ಅವರ ಪಕ್ಕದ ಸೀಟಿನಲ್ಲೂ ಕೂತವರು.

ಮಳೆಗಾಲದಲ್ಲಿ ನಾಲ್ಕು ತಿಂಗಳು ಗಾಡಿ ಹೇಗೆ ಇಡುವುದು?

ಕೊನೆಯ ಸ್ಪರ್ಧೆಯ ಮರುದಿನವೇ ಹೊಟ್ಟೆಯ ಅಡಿ, ಚಕ್ರದ ಕಮಾನಿನ ಒಳಗೆ, ರೇಡಿಯೇಟರಿನ ಎಲೆಗಳ ಮಧ್ಯೆ ಇರುವ ಕೆಂಪು ಮಣ್ಣನ್ನು ಸಿಹಿನೀರಿನಲ್ಲಿ ತೊಳೆಯಿರಿ. ಆ ಮಣ್ಣು ಜೂನಿನ ತೇವವನ್ನು ಹೀರಿ ತಗಡಿಗೆ ಅಂಟಿ ಕೂರುತ್ತದೆ. ಬಿಸಿಲಿನಲ್ಲಿ ಎರಡು ದಿನ ಒಣಗಿಸಿ, ಬಾಗಿಲ ಕೆಳಗಿನ ನೀರಿಳಿಯುವ ತೂತುಗಳನ್ನು ತಂತಿಯಿಂದ ಬಿಡಿಸಿ, ಪೊಳ್ಳು ಜಾಗಗಳಿಗೆ ವ್ಯಾಕ್ಸ್ ಸಿಂಪಡಿಸಿ. ಇ20 ಪೆಟ್ರೋಲ್ ಅರ್ಧ ಟ್ಯಾಂಕಿನಲ್ಲಿ ತಿಂಗಳುಗಟ್ಟಲೆ ನಿಂತರೆ ತೇವ ಹೀರಿ, ನೀರು ಮಿಶ್ರಿತ ಎಥನಾಲ್ ತಳಕ್ಕೆ ಇಳಿಯಬಹುದು. ಟ್ಯಾಂಕ್ ಹೆಚ್ಚುಕಡಿಮೆ ಖಾಲಿ ಮಾಡಿ, ಇಲ್ಲವೇ ವಾರಕ್ಕೊಮ್ಮೆ ಓಡಿಸಿ. ಹ್ಯಾಂಡ್‌ಬ್ರೇಕ್ ಎಳೆದಿಡಬೇಡಿ, ಶೂ ಡ್ರಮ್ಮಿಗೆ ಅಂಟಿಕೊಳ್ಳುತ್ತದೆ. ಚಕ್ರಕ್ಕೆ ಮರದ ತುಂಡು ಕೊಟ್ಟು ಗೇರಿನಲ್ಲಿ ನಿಲ್ಲಿಸಿ. ಬುಶ್, ಬಾಲ್ ಜಾಯಿಂಟಿನ ಕೆಲಸಕ್ಕೆ ಇದೇ ಒಳ್ಳೆಯ ಸಮಯ, ಗ್ಯಾರೇಜಿನವರಿಗೂ ಪುರುಸೊತ್ತು ಇರುತ್ತದೆ. ಅಕ್ಟೋಬರಿನಲ್ಲಿ ಹೊರಗೆ ತೆಗೆಯುವಾಗ ಮೊದಲು ಬ್ರೇಕ್ ಎಣ್ಣೆ, ಆಮೇಲೆ ಕೀಲಿ.